ಗ್ರೂಪ್ ಫೋಟೊದಲ್ಲಿದ್ದ ನಕ್ಷತ್ರ

ಮಂಡ್ಯದ ಪೇಟೆ ಬೀದಿಯಲ್ಲಿ ಅಪ್ಪ ಮೂವತ್ತೆರಡು ವರ್ಷ ಫೋಟೊ ಸ್ಟುಡಿಯೊ ನಡೆಸಿದರು. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ, ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಮುಖ, ಇವೇ ಅಂಗಡಿಯ ಅನ್ನ. ಆದರೆ ತಿಂಗಳಿಗೆ ಮೂರು ನಾಲ್ಕು ಬಾರಿಯಾದರೂ ಬೇರೆ ಬಗೆಯ ಗಿರಾಕಿಗಳು ಬರುತ್ತಿದ್ದರು. ವಾರದಿಂದ ಕ್ಷೌರ ಕಾಣದ ಗಂಡಸು, ಜೊತೆಗೆ ಅತ್ತು ಅತ್ತು ಕಣ್ಣು ಊದಿಸಿಕೊಂಡ ಅಕ್ಕನೋ ತಂಗಿಯೋ. ಅವರ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಹಳೆಯ ಮದುವೆಯ ಫೋಟೊ. "ತಿಥಿಗೆ ಬೇಕಿತ್ತು ಸ್ವಾಮಿ. ಇದರಲ್ಲಿ ಇವರೊಬ್ಬರನ್ನು ತೆಗೆದು ದೊಡ್ಡದು ಮಾಡಿಕೊಡಿ."

ಆ ಕಾಲದ ಹಳ್ಳಿಗಳಲ್ಲಿ ಒಬ್ಬ ಹೆಂಗಸಿನ ಇಡೀ ಬದುಕಿನಲ್ಲಿ ತೆಗೆದ ಫೋಟೊ ಒಂದೇ ಇರುತ್ತಿತ್ತು. ಅದೂ ಅವಳಿಗಾಗಿ ತೆಗೆದದ್ದಲ್ಲ. ಯಾರದೋ ಮದುವೆಯಲ್ಲಿ ಹೆಣ್ಣು ಗಂಡನ್ನು ನಿಲ್ಲಿಸಿ ಕ್ಲಿಕ್ಕಿಸುವಾಗ ಮೂರನೆಯ ಸಾಲಿನ ಕೊನೆಯಲ್ಲಿ, ಪೇಟ ಸುತ್ತಿದ ಯಾರದೋ ಭುಜದ ಹಿಂದೆ, ಅವಳೂ ಇದ್ದಳು. ಮುಖ ಕಡಲೆಬೇಳೆಯಷ್ಟು. ಅಪ್ಪ ರಿಜಿಸ್ಟರಿನಲ್ಲಿ ಆ ಮದುವೆಯ ನಂಬರು ಹುಡುಕಿ, ತಗಡಿನ ಡಬ್ಬದಿಂದ ನೆಗೆಟಿವ್ ತೆಗೆದು, ಡಾರ್ಕ್ ರೂಮಿನಲ್ಲಿ ಎನ್‌ಲಾರ್ಜರಿನ ಕೆಳಗೆ ಆ ಒಂದು ಬೇಳೆಯನ್ನು ಹಿಗ್ಗಿಸುತ್ತಿದ್ದರು. ಸುತ್ತಲಿನವರನ್ನು ಕಪ್ಪು ಕಾಗದದಿಂದ ಮರೆ ಮಾಡುತ್ತಿದ್ದರು. ಕೆಂಪು ದೀಪದ ಬೆಳಕಿನಲ್ಲಿ, ಡೆವಲಪರಿನ ತಟ್ಟೆಯೊಳಗೆ, ಮುಖವೊಂದು ಮರಳು ಮರಳಾಗಿ ಮೇಲೆ ಬರುವುದನ್ನು ನಾನು ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು ನೋಡಿದ್ದೇನೆ.

ಒಮ್ಮೆ ಮಳವಳ್ಳಿ ಕಡೆಯಿಂದ ಅಣ್ಣ ತಂಗಿ ಇಬ್ಬರು ಬಂದಿದ್ದರು. ಅಣ್ಣ ಬೆರಳಿಟ್ಟು ತೋರಿಸಿದ ಮುಖವನ್ನು ಅಪ್ಪ ದೊಡ್ಡದು ಮಾಡಿ, ಒಣಗಿಸಿ ಕೈಗೆ ಕೊಟ್ಟರು. ತಂಗಿ ಅದನ್ನು ನೋಡಿದವಳೇ, "ಇದು ಅವ್ವ ಅಲ್ಲ, ಚಿಕ್ಕವ್ವ" ಎಂದಳು. ಅಕ್ಕ ತಂಗಿಯರಿಬ್ಬರೂ ಒಂದೇ ಬಗೆಯ ಸೀರೆ ಉಟ್ಟು ಒತ್ತಾಗಿ ನಿಂತಿದ್ದರು. ಅಪ್ಪ ಒಂದು ಮಾತೂ ಆಡದೆ ಮತ್ತೆ ಒಳಗೆ ಹೋದರು. ಎರಡನೆಯ ಪ್ರತಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಾನು ಈಗ ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಪ್ಪ ನನ್ನ ಜೊತೆಗೇ ಇದ್ದಾರೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ ಅವರು ಎಂ101 ಎಂಬ ಗೆಲಾಕ್ಸಿಯಲ್ಲಿ ಹೊಸ ಸೂಪರ್‌ನೋವಾ ಒಂದನ್ನು, ಅಂದರೆ ಸಾಯುವ ನಕ್ಷತ್ರದ ಸ್ಫೋಟವನ್ನು, ಪತ್ತೆ ಮಾಡಿದರು. ಅದಾಗಿ ನಾಲ್ಕೈದು ದಿನಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಎಂಟು ಅಂಗುಲದ ದೂರದರ್ಶಕವನ್ನು ಕಾರಿನ ಹಿಂದೆ ಹೇರಿಕೊಂಡು ಬಂದ. ಪಾಂಡವಪುರದ ಹತ್ತಿರ ಚಿಕ್ಕಪ್ಪನ ಗದ್ದೆಯ ಬದುವಿನಲ್ಲಿ ಅದನ್ನು ನಿಲ್ಲಿಸಿದೆವು. ಮುಂಗಾರಿಗೆ ಮುಂಚಿನ ಮೋಡ ಬಂದು ಹೋಗಿ ಮಾಡುತ್ತಿತ್ತು. ಬಿದಿಗೆ ತದಿಗೆ ದಾಟಿದ ಎಳೆಯ ಚಂದ್ರ ಮುಳುಗುವವರೆಗೂ ಕಾದೆವು. ಬೇಡವೆಂದರೂ ಕೇಳದೆ ಅಪ್ಪನೂ ಬಂದಿದ್ದರು, ಮಂಕಿ ಕ್ಯಾಪ್ ಹಾಕಿಕೊಂಡು, ಮಡಿಸುವ ಕುರ್ಚಿಯ ಮೇಲೆ ಕುಳಿತಿದ್ದರು.

ಎಂ101 ಇರುವ ಜಾಗ ನಮ್ಮವರಿಗೆ ಗುರುತಿನದೇ. ಸಪ್ತರ್ಷಿ ಮಂಡಲದ ಬಾಲದಲ್ಲಿ ವಸಿಷ್ಠ, ಅದರ ಪಕ್ಕದಲ್ಲಿ ಮದುವೆಯಲ್ಲಿ ತೋರಿಸುವ ಅರುಂಧತಿ, ಬಾಲದ ತುದಿಗೆ ಮರೀಚಿ. ವಸಿಷ್ಠ ಮತ್ತು ಮರೀಚಿ ಎರಡನ್ನೂ ತಳವಾಗಿಟ್ಟು ಒಂದು ತ್ರಿಕೋನ ಎಳೆದರೆ ಅದರ ಮೂರನೆಯ ಮೂಲೆಯಲ್ಲಿ ಈ ಗೆಲಾಕ್ಸಿ ಸಿಗುತ್ತದೆ. ದೂರ ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ. ನಮ್ಮ ದೂರದರ್ಶಕದಲ್ಲಿ ಗೆಲಾಕ್ಸಿ ಎಂಬುದು ಉಸಿರು ತಾಗಿದ ಗಾಜಿನಂತೆ ಇದ್ದೂ ಇಲ್ಲದ ಒಂದು ಮಬ್ಬು. ಆ ಮಬ್ಬಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಬೆಳಕು. ಅಷ್ಟೆ. ಅಷ್ಟು ದೂರದಿಂದ ಒಂದೇ ಒಂದು ನಕ್ಷತ್ರ ಗದ್ದೆಯ ಬದುವಿನವರೆಗೆ ಕಾಣಿಸುತ್ತಿದೆ ಎಂದರೆ ಅದು ಎಂಥ ಸ್ಫೋಟವಾಗಿರಬೇಕು!

ಅಪ್ಪ ಬಹಳ ಹೊತ್ತು ಕಣ್ಣಿಟ್ಟು ನೋಡಿದರು. ಶಸ್ತ್ರಚಿಕಿತ್ಸೆಯಾದ ಕಣ್ಣಿಗೂ ಅದು ಸಿಕ್ಕಿತು. ಆಮೇಲೆ ಕುರ್ಚಿಗೆ ಬಂದು ಕೂತು ಕೇಳಿದರು: "ಇದು ಸಾಯುವುದಕ್ಕೆ ಮುಂಚೆ ಯಾರಾದರೂ ಇದರ ಫೋಟೊ ತೆಗೆದಿದ್ದರೇ?"

ಭೌತಶಾಸ್ತ್ರ ಓದಿದ ನನಗೆ ಹೊಳೆಯದ ಪ್ರಶ್ನೆ ಅದು. ಸೂಪರ್‌ನೋವಾ ಸಿಕ್ಕ ಕೂಡಲೇ ಖಗೋಳ ವಿಜ್ಞಾನಿಗಳು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಹಬಲ್ ದೂರದರ್ಶಕ ಹಲವು ವರ್ಷಗಳಿಂದ ಬೇರೆ ಬೇರೆ ಉದ್ದೇಶಗಳಿಗೆ ತೆಗೆದಿಟ್ಟ ಎಂ101ರ ಚಿತ್ರಗಳ ಸಂಗ್ರಹಕ್ಕೆ ಹತ್ತಾರು ತಂಡಗಳು ಆ ವಾರ ಕೈಹಾಕಿದ್ದವು. ಅತಿಗೆಂಪು ಬೆಳಕಿನಲ್ಲಿ ನೋಡುತ್ತಿದ್ದ ಸ್ಪಿಟ್ಜರ್ ದೂರದರ್ಶಕದ ಚಿತ್ರಗಳೂ ಇದ್ದವು. ಅಲ್ಲಿ ಅದು ಇತ್ತು. ಧೂಳಿನ ಹೊದಿಕೆ ಹೊದ್ದ ಕೆಂಪು ಮಹಾದೈತ್ಯ, ಅಂದರೆ ಕೊನೆಗಾಲದಲ್ಲಿ ಊದಿ ಕೆಂಪಾದ ಭಾರಿ ನಕ್ಷತ್ರ, ಸುಮಾರು ಮೂರು ವರ್ಷಕ್ಕೊಮ್ಮೆ ಏರಿ ಇಳಿಯುವ ಬೆಳಕು. ಸಾವಿರಾರು ನಕ್ಷತ್ರಗಳ ಗ್ರೂಪ್ ಫೋಟೊದಲ್ಲಿ ಯಾರೂ ಹೆಸರಿಡದ, ಯಾರೂ ಬೆರಳಿಟ್ಟು ತೋರಿಸದ ಒಂದು ಚುಕ್ಕೆ.

ಆ ಚುಕ್ಕೆಯನ್ನು ಗುರುತಿಸುವುದು ಅಪ್ಪನ ಕೆಲಸಕ್ಕಿಂತ ಬಹಳ ಕಷ್ಟ. ಸ್ಫೋಟದ ನಂತರ ತೆಗೆದ ಚಿತ್ರವನ್ನೂ ಮುಂಚಿನ ಚಿತ್ರವನ್ನೂ ಒಂದರ ಮೇಲೊಂದು ಕೂರಿಸಬೇಕು. ಸುತ್ತಲಿನ ಕದಲದ ನಕ್ಷತ್ರಗಳನ್ನು ಗುರುತಿಗೆ ಇಟ್ಟುಕೊಂಡು, ಚಿತ್ರದ ಒಂದು ಕಣದಷ್ಟೂ ಆಚೀಚೆ ಆಗದಂತೆ ಹೊಂದಿಸಬೇಕು. ಅಷ್ಟಾದರೂ ಆ ಬಿಂದುವಿನಲ್ಲಿ ಕಂಡದ್ದು ಒಂದು ನಕ್ಷತ್ರವೋ, ಒತ್ತಾಗಿ ನಿಂತ ಇಬ್ಬರೋ ಎಂಬ ಅನುಮಾನ ಉಳಿಯುತ್ತದೆ. ಅದನ್ನು ತೀರಿಸಲು ಒಂದೇ ದಾರಿ. ಸ್ಫೋಟದ ಬೆಳಕು ಆರುವವರೆಗೆ ವರ್ಷಗಟ್ಟಲೆ ಕಾಯುವುದು. ಆಮೇಲೆ ಅದೇ ಜಾಗದ ಫೋಟೊ ಮತ್ತೊಮ್ಮೆ ತೆಗೆಯುವುದು. ಮೊದಲಿದ್ದ ಚುಕ್ಕೆ ಈಗ ಇಲ್ಲವೆಂದರೆ ಸತ್ತದ್ದು ಅದೇ. 2003ರಲ್ಲಿ ಎಂ74 ಗೆಲಾಕ್ಸಿಯಲ್ಲಿ ಸ್ಫೋಟಿಸಿದ ನಕ್ಷತ್ರದ ವಿಷಯದಲ್ಲಿ ಹೀಗೇ ಆಯಿತು. ಹಬಲ್ ಮತ್ತು ಜೆಮಿನಿ ದೂರದರ್ಶಕಗಳ ಹಳೆಯ ಚಿತ್ರಗಳಲ್ಲಿ ಸೂರ್ಯನ ಎಂಟರಷ್ಟು ತೂಕದ ಕೆಂಪು ಮಹಾದೈತ್ಯವೊಂದು ಸಿಕ್ಕಿತ್ತು. 2009ರ ಹೊತ್ತಿಗೆ ಮತ್ತೆ ನೋಡಿದಾಗ ಅದು ಜಾಗ ಖಾಲಿ ಮಾಡಿತ್ತು. ಕೆಂಪು ಮಹಾದೈತ್ಯಗಳೇ ಹೀಗೆ ಸ್ಫೋಟಿಸುತ್ತವೆ ಎಂದು ದಶಕಗಳಿಂದ ಪುಸ್ತಕಗಳಲ್ಲಿ ಬರೆದದ್ದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿದ್ದು ಆಗ.

ಚಿಕ್ಕವ್ವನನ್ನು ಅವ್ವ ಎಂದುಕೊಂಡ ಆ ಅಣ್ಣನ ಕಥೆ ಆಕಾಶದಲ್ಲೂ ನಡೆದಿದೆ.

1987ರ ಫೆಬ್ರವರಿ 24ರಂದು ದೊಡ್ಡ ಮೆಗೆಲಾನಿಕ್ ಮೋಡ ಎಂಬ ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಲ್ಲಿ, ಸುಮಾರು 1 ಲಕ್ಷ 60 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಒಂದು ಸೂಪರ್‌ನೋವಾ ಕಂಡಿತು. ಜೋಹಾನ್ಸ್ ಕೆಪ್ಲರ್ ನೋಡಿದ 1604ರ ಸ್ಫೋಟದ ನಂತರ ಇಷ್ಟು ಹತ್ತಿರದಲ್ಲಿ, ಬರಿಗಣ್ಣಿಗೆ ಇಷ್ಟು ಚೆನ್ನಾಗಿ ಕಂಡದ್ದು ಬೇರೆ ಇಲ್ಲ. ನಾನಾಗ ಹೈಸ್ಕೂಲಿಗೆ ಇನ್ನೂ ಕಾಲಿಟ್ಟಿರಲಿಲ್ಲ. ಆಕಾಶದ ಆ ಭಾಗ ಮಂಡ್ಯದಿಂದ ನೋಡಿದರೆ ದಕ್ಷಿಣ ದಿಗಂತದ ಮೇಲೆ ಎಂಟು ಡಿಗ್ರಿ ಎತ್ತರಕ್ಕೆ ಬಂದರೆ ಹೆಚ್ಚು, ತೆಂಗಿನ ಮರದ ನೆತ್ತಿಗಿಂತ ಕೆಳಗೆ. ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ ಆ ಜಾಗದಲ್ಲಿ ನಿಕೊಲಸ್ ಸ್ಯಾಂಡುಲೀಕ್ ಎಂಬ ಖಗೋಳ ವಿಜ್ಞಾನಿ ತಮ್ಮ ಪಟ್ಟಿಯಲ್ಲಿ ನಮೂದಿಸಿದ್ದ ನಕ್ಷತ್ರವೊಂದು ಸಿಕ್ಕಿತು. ಸ್ಯಾಂಡುಲೀಕ್ −69 202. ಅದಕ್ಕೆ ಇದ್ದದ್ದು ಅಷ್ಟೇ, ಪಟ್ಟಿಯ ನಂಬರು. ಅಪ್ಪನ ರಿಜಿಸ್ಟರಿನಲ್ಲಿ ಇರುತ್ತಿದ್ದ ಹಾಗೆ.

ಗೊಂದಲ ಶುರುವಾದದ್ದು ಅಲ್ಲಿಂದ. ಆ ನಕ್ಷತ್ರ ನೀಲಿ ಬಣ್ಣದ ಮಹಾದೈತ್ಯವಾಗಿತ್ತು. ಸಾಯುವ ಹೊತ್ತಿಗೆ ನಕ್ಷತ್ರ ಊದಿ ಕೆಂಪಾಗಿರಬೇಕು ಎಂದು ಸಿದ್ಧಾಂತ ಹೇಳುತ್ತಿತ್ತು. ನೀಲಿಯದು ಹೇಗೆ ಸತ್ತೀತು? ಸ್ಫೋಟದ ನೇರಳಾತೀತ ಬೆಳಕು ಇಳಿದಾಗ ಉಪಗ್ರಹವೊಂದು ಅದೇ ಜಾಗದಲ್ಲಿ ಬಿಸಿಯಾದ ನೀಲಿ ನಕ್ಷತ್ರದ ಬೆಳಕನ್ನು ಕಂಡಿತು. ಹಾಗಾದರೆ ಸ್ಯಾಂಡುಲೀಕನ ನಕ್ಷತ್ರ ಬದುಕಿದೆ, ಸತ್ತದ್ದು ಪಕ್ಕದ ಇನ್ಯಾವುದೋ ಎಂದು ಕೆಲವರು ಹೇಳಿದರು. ಮತ್ತೆ ಹಳೆಯ ಚಿತ್ರಗಳಿಗೆ ಹಿಂದಿರುಗಿ ಸೂಕ್ಷ್ಮವಾಗಿ ಅಳೆದಾಗ ಆ ಒಂದು ಚುಕ್ಕೆಯ ಪಕ್ಕದಲ್ಲಿ ಅಂಟಿಕೊಂಡಂತೆ ಇನ್ನೆರಡು ನೀಲಿ ನಕ್ಷತ್ರಗಳು ಇದ್ದದ್ದು ತಿಳಿಯಿತು. ಉಪಗ್ರಹ ಕಂಡದ್ದು ಆ ಇಬ್ಬರನ್ನು. ಹೋದದ್ದು ಸ್ಯಾಂಡುಲೀಕನ ನಕ್ಷತ್ರವೇ.

ಸೂರ್ಯನ ಇಪ್ಪತ್ತರಷ್ಟು ತೂಕದ ಅದು ನೀಲಿಯಾಗಿಯೇ ಏಕೆ ಸತ್ತಿತು ಎಂಬುದಕ್ಕೆ ಉತ್ತರದ ಸುಳಿವು ಸಿಕ್ಕಿದ್ದು ಅದರ ಸುತ್ತ ಇದ್ದ ಮೂರು ಅನಿಲದ ಉಂಗುರಗಳಲ್ಲಿ. ಸ್ಫೋಟಕ್ಕೆ ಸುಮಾರು 20 ಸಾವಿರ ವರ್ಷ ಮೊದಲು ಅದು ತನ್ನ ಮೈಯಿಂದ ಎಸೆದ ಅನಿಲ ಅದು. ಒಂದೇ ನಕ್ಷತ್ರ ಅಷ್ಟು ಒಪ್ಪವಾದ ಉಂಗುರಗಳನ್ನು ಬಿಡುವುದು ಕಷ್ಟ. ಮೊದಲು ಅಲ್ಲಿ ಎರಡು ನಕ್ಷತ್ರಗಳಿದ್ದು, ಒಂದು ಇನ್ನೊಂದನ್ನು ನುಂಗಿ ಒಂದಾಗಿರಬೇಕು ಎಂಬುದು ಇವತ್ತು ಹೆಚ್ಚಿನವರು ಒಪ್ಪುವ ವಿವರಣೆ. ಒಬ್ಬರ ಸಾವನ್ನು ವಿಚಾರಿಸಲು ಹೋದವರಿಗೆ ಹಳೆಯ ಸಂಸಾರವೊಂದರ ಕಥೆ ಸಿಕ್ಕಿತು.

ಆ ಸಾವಿನ ಸುದ್ದಿ ಬೆಳಕಿಗಿಂತ ಮೊದಲೇ ಬಂದಿತ್ತು ಎಂಬುದು ನನಗೆ ಈಗಲೂ ಮೈ ಜುಮ್ಮೆನ್ನಿಸುವ ವಿಷಯ. ಫೆಬ್ರವರಿ 23ರಂದು, ಬೆಳಕು ಹೊಮ್ಮುವುದಕ್ಕೆ ಸುಮಾರು ಮೂರು ಗಂಟೆ ಮೊದಲು, ಜಪಾನ್, ಅಮೆರಿಕ ಮತ್ತು ರಷ್ಯಾಗಳಲ್ಲಿ ನೆಲದಡಿಯಲ್ಲಿ ಇದ್ದ ಉಪಕರಣಗಳು ಒಟ್ಟು ಇಪ್ಪತ್ತೈದರ ಆಸುಪಾಸಿನಷ್ಟು ನ್ಯೂಟ್ರಿನೊಗಳನ್ನು ಹಿಡಿದವು. ನಕ್ಷತ್ರದ ಗರ್ಭ ಕುಸಿದ ಕ್ಷಣದಲ್ಲೇ ಹೊರಟ ಕಣಗಳು ಅವು. ಸ್ಫೋಟದ ಅಲೆ ನಕ್ಷತ್ರದ ಮೈಯನ್ನು ಸೀಳಿಕೊಂಡು ಹೊರಗೆ ಬರಲು ಗಂಟೆಗಳು ಬೇಕು, ನ್ಯೂಟ್ರಿನೊಗಳಿಗೆ ಅಂಥ ಯಾವ ತಡೆಯೂ ಇಲ್ಲ. ಜಪಾನಿನ ಕಮಿಯೊಕಾಂಡೆ ಉಪಕರಣವನ್ನು ಕಟ್ಟಿದ್ದು ಪರಮಾಣುವಿನ ಒಳಗಿನ ಪ್ರೋಟಾನು ಎಂಬ ಕಣ ಒಡೆಯುತ್ತದೆಯೇ ಎಂದು ನೋಡಲು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ಅದೇ ಪ್ರಶ್ನೆಗೆ ಪ್ರಯೋಗ ನಡೆದಿತ್ತು. ಅದಕ್ಕೂ ಮೊದಲು, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಕಂಡವರ ಸಾಲಿನಲ್ಲಿ ಕೆಜಿಎಫ್‌ನ ಗಣಿಯಲ್ಲಿ ದುಡಿದ ವಿಜ್ಞಾನಿಗಳೂ ಇದ್ದರು. ಯಾವುದನ್ನೋ ಹುಡುಕಲು ಇಟ್ಟ ಕಣ್ಣಿಗೆ ಇನ್ನೊಂದು ಸಿಗುತ್ತದೆ, ಮದುವೆಯ ಫೋಟೊದ ಮೂರನೆಯ ಸಾಲಿನಲ್ಲಿ ಅವ್ವ ಸಿಕ್ಕ ಹಾಗೆ.

ನಕ್ಷತ್ರ ಏಕೆ ಸ್ಫೋಟಿಸುತ್ತದೆ ಎಂದು ತರಗತಿಯಲ್ಲಿ ಹೇಳುವಾಗ ನಾನು ಆಲೆಮನೆಯನ್ನು ತರುತ್ತೇನೆ. ಮಂಡ್ಯದ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಒಲೆಯ ಬಾಯಲ್ಲಿ ಕೂತವನು ಒಣಗಿದ ಕಬ್ಬಿನ ಸಿಪ್ಪೆಯನ್ನು ಬಿಡದೆ ತಳ್ಳುತ್ತಿರಬೇಕು. ಒಂದು ಗಳಿಗೆ ಕೈ ತಡೆದರೂ ಕುದಿ ತಗ್ಗುತ್ತದೆ. ನಕ್ಷತ್ರದಲ್ಲೂ ಒಳಗಿನ ಉರಿ ಒಂದೇ ಅದರ ಅಪಾರ ತೂಕವನ್ನು ಎತ್ತಿ ಹಿಡಿದಿರುವುದು. ಉರಿ ತಗ್ಗಿದರೆ ಮೈ ಒಳಗೆ ಕುಸಿಯುತ್ತದೆ, ಕುಸಿದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಹಿಂದಿನ ಬೂದಿಯೇ ಹೊಸ ಸೌದೆಯಾಗುತ್ತದೆ. ಸೂರ್ಯನ ಇಪ್ಪತ್ತೈದರಷ್ಟು ತೂಕದ ನಕ್ಷತ್ರವೊಂದು ಹೈಡ್ರೋಜನನ್ನು ಸುಮಾರು 70 ಲಕ್ಷ ವರ್ಷ ಉರಿಸುತ್ತದೆ. ಅದರ ಬೂದಿಯಾದ ಹೀಲಿಯಂ ಕೆಲವು ಲಕ್ಷ ವರ್ಷಕ್ಕೆ ಸಾಕು. ಹೀಲಿಯಂನಿಂದ ಹುಟ್ಟಿದ ಇಂಗಾಲ ಸುಮಾರು 600 ವರ್ಷ. ಆಮೇಲೆ ನಿಯಾನ್ ಒಂದು ವರ್ಷ, ಆಮ್ಲಜನಕ ಆರು ತಿಂಗಳು, ಸಿಲಿಕಾನ್ ಒಂದು ದಿನ.

ಒಂದು ದಿನ! ಈ ಸಾಲನ್ನು ಬೋರ್ಡಿನ ಮೇಲೆ ಬರೆದಾಗ ಪ್ರತಿ ವರ್ಷವೂ ತರಗತಿ ನಿಶ್ಶಬ್ದವಾಗುತ್ತದೆ. ಎಪ್ಪತ್ತು ಲಕ್ಷ ವರ್ಷದ ಸಂಸಾರ, ಕೊನೆಗೆ ಉಳಿಯುವುದು ಒಂದು ಹಗಲು ಒಂದು ರಾತ್ರಿ. ಸಿಲಿಕಾನಿನ ಬೂದಿ ಕಬ್ಬಿಣ. ಕಬ್ಬಿಣವನ್ನು ಬೆಸೆದರೆ ಶಕ್ತಿ ಹೊರಬರುವುದಿಲ್ಲ. ಒಲೆಗೆ ಕಲ್ಲು ತುಂಬಿದಂತೆ. ಭೂಮಿಯಷ್ಟು ದೊಡ್ಡ ಕಬ್ಬಿಣದ ಗರ್ಭ ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಕುಸಿದು, ಕೊನೆಗೆ ಮಂಡ್ಯದಿಂದ ಮದ್ದೂರಿಗೆ ಇರುವಷ್ಟೇ ಅಡ್ಡಳತೆಯ ನ್ಯೂಟ್ರಾನ್ ಉಂಡೆಯಾಗುತ್ತದೆ. ಆ ಕುಸಿತದಲ್ಲಿ ಬಿಡುಗಡೆಯಾಗುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ನ್ಯೂಟ್ರಿನೊಗಳು ಹೊತ್ತೊಯ್ಯುತ್ತವೆ. ಉಳಿದ ಒಂದು ಪಾಲೇ ನಾವು ಕಾಣುವ ಸ್ಫೋಟ.

ಆದರೆ ಆ ಒಳಗಿನ ಕೊನೆಯ ವರ್ಷಗಳ ತಳಮಳ ಹೊರಮೈಗೆ ತಿಳಿಯುತ್ತದೆಯೇ? ಎಂ101ರ ನಕ್ಷತ್ರದ ಫೋಟೊಗಳನ್ನು ವರ್ಷಗಳ ಉದ್ದಕ್ಕೂ ಜೋಡಿಸಿ ನೋಡಿದವರಿಗೆ ದೊಡ್ಡ ಏರುಪೇರೇನೂ ಸಿಗಲಿಲ್ಲ. ಅಂಗಡಿಗೆ ಬಂದವರು ಅಪ್ಪನಿಗೆ ಹೇಳುತ್ತಿದ್ದ ಮಾತೂ ಅದೇ: "ಹಿಂದಿನ ದಿನದವರೆಗೂ ಚೆನ್ನಾಗಿಯೇ ಇದ್ದರು." ಸ್ಫೋಟದ ಬೆಳಕಿನ ರೋಹಿತ, ಅಂದರೆ ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು, ಬೇರೆಯದೇ ಕಥೆ ಹೇಳಿತು. ಮೊದಲ ಕೆಲವು ದಿನ ಮಾತ್ರ ಅದರಲ್ಲಿ ತೆಳ್ಳನೆಯ ರೇಖೆಗಳು ಕಂಡವು, ಆಮೇಲೆ ಅಳಿಸಿಹೋದವು. ನಕ್ಷತ್ರದ ಸುತ್ತ ಹತ್ತಿರದಲ್ಲೇ ದಟ್ಟ ಅನಿಲವಿತ್ತು, ಸ್ಫೋಟದ ಬೆಳಕು ಅದನ್ನು ಬೆಳಗಿತು, ಹಿಂದೆಯೇ ಬಂದ ಸ್ಫೋಟದ ಅಲೆ ಅದನ್ನು ಒರೆಸಿಹಾಕಿತು. ಅಂದರೆ ನಕ್ಷತ್ರ ಕೊನೆಗಾಲದಲ್ಲಿ ಮೈಯನ್ನು ಕಳೆದುಕೊಳ್ಳುತ್ತಿತ್ತು. ಯಾರಿಗೂ ಹೇಳದೆ ಊಟ ಬಿಟ್ಟವರಂತೆ. ಈ ಅಳತೆಗಳನ್ನು ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಇದ್ದಾರೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ನಿಂತಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕವನ್ನು ಅವರು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುತ್ತಾರೆ.

ಆ ನಕ್ಷತ್ರ ಎಷ್ಟು ತೂಕವಿತ್ತು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಒಂದೇ ಫೋಟೊವನ್ನು ನೋಡಿ ಒಬ್ಬರು ಹತ್ತು ಸೂರ್ಯ ಎಂದರು, ಇನ್ನೊಬ್ಬರು ಇಪ್ಪತ್ತರ ಹತ್ತಿರ ಹೋದರು. ಧೂಳು ಎಷ್ಟು ಬೆಳಕನ್ನು ನುಂಗಿತು ಎಂಬ ಲೆಕ್ಕದ ಮೇಲೆ ಎಲ್ಲವೂ ನಿಂತಿದೆ. ಪೇಟದ ನೆರಳು ಬಿದ್ದ ಮುಖದ ಬಣ್ಣವನ್ನು ಹೇಳಿದಷ್ಟೇ ಕಷ್ಟ ಅದು. ಇಂಥ ಭಿನ್ನಮತ ಕಂಡರೆ ವಿಜ್ಞಾನಿಗಳಿಗೇ ಗೊತ್ತಿಲ್ಲ ಎಂದು ಕೈಬಿಡುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಪ್ರಾಮಾಣಿಕತೆ. ಮುಖ ಸ್ಪಷ್ಟವಿಲ್ಲದ ಕಡೆ ಅಪ್ಪ ಪೆನ್ಸಿಲಿನಿಂದ ಕಣ್ಣು ಮೂಗು ತಿದ್ದಲು ಒಪ್ಪುತ್ತಿರಲಿಲ್ಲ. "ಇರುವಷ್ಟೇ ತೆಗೆಯುತ್ತೇನೆ, ಇಲ್ಲದ್ದನ್ನು ಬರೆದರೆ ಅದು ನಿಮ್ಮ ಅವ್ವ ಆಗುವುದಿಲ್ಲ" ಎನ್ನುತ್ತಿದ್ದರು.

ಅದೇ ಎಂ101ರಲ್ಲಿ, ಹನ್ನೆರಡು ವರ್ಷ ಮೊದಲು, ಇನ್ನೊಂದು ಸಾವು ಆಗಿತ್ತು. 2011ರ ಆಗಸ್ಟ್ 24ರಂದು ಪತ್ತೆಯಾದ ಆ ಸ್ಫೋಟವನ್ನು ಅದು ಆದ ಕೆಲವೇ ಗಂಟೆಗಳಲ್ಲಿ ಹಿಡಿದಿದ್ದರು. ಎಲ್ಲರೂ ಹಬಲ್ ಸಂಗ್ರಹಕ್ಕೆ ಓಡಿದರು. ಅಲ್ಲಿ ಏನೂ ಇರಲಿಲ್ಲ. ಆ ಜಾಗ ಖಾಲಿ.

ಇದು ಬೇರೆ ಬಗೆಯ ಸಾವು. ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ಬೂದಿಯುಂಡೆಯನ್ನು ಶ್ವೇತಕುಬ್ಜ ಎನ್ನುತ್ತೇವೆ. ಗಾತ್ರದಲ್ಲಿ ಭೂಮಿಯಷ್ಟು, ತೂಕದಲ್ಲಿ ಸೂರ್ಯನಷ್ಟು. ಅದು ತನ್ನಷ್ಟಕ್ಕೆ ತಾನಿದ್ದರೆ ತಣ್ಣಗಾಗುತ್ತ ಕೋಟಿ ಕೋಟಿ ವರ್ಷ ಇರಬಲ್ಲದು. ಜೊತೆಗಾರ ನಕ್ಷತ್ರದಿಂದ ಅನಿಲವನ್ನು ಎಳೆದುಕೊಂಡು ಸೂರ್ಯನ 1.4ರಷ್ಟು ತೂಕಕ್ಕೆ ಸಮೀಪಿಸಿದರೆ, ಇಲ್ಲವೇ ಇನ್ನೊಂದು ಶ್ವೇತಕುಬ್ಜದೊಂದಿಗೆ ಬೆರೆತರೆ, ಇಡಿಯಾಗಿ ಸಿಡಿದುಹೋಗುತ್ತದೆ. ಆ 1.4 ಎಂಬ ಮಿತಿಯ ಲೆಕ್ಕವನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ ಶುರುಮಾಡಿದ್ದು 1930ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ. ಹಾನ್ಲೆಯ ದೂರದರ್ಶಕದ ಹೆಸರಿನಲ್ಲಿರುವ 'ಚಂದ್ರ' ಅವರೇ.

ಶ್ವೇತಕುಬ್ಜ ಅಷ್ಟು ದೂರದ ಫೋಟೊದಲ್ಲಿ ಬೀಳಲು ಸಾಧ್ಯವೇ ಇಲ್ಲ, ಅಷ್ಟು ಮಂಕು. ಆದರೆ ಅದರ ಜೊತೆಗಾರ ಕೆಂಪು ದೈತ್ಯವಾಗಿದ್ದಿದ್ದರೆ ಕಾಣಬೇಕಿತ್ತು. ಕಾಣಲಿಲ್ಲ, ಆದ್ದರಿಂದ ಆ ಜೊತೆಗಾರ ದೊಡ್ಡ ದೈತ್ಯವಾಗಿರಲಿಲ್ಲ. ಖಾಲಿ ಜಾಗವೂ ಸಾಕ್ಷಿ ಹೇಳುತ್ತದೆ. ಗೆಲಾಕ್ಸಿಗಳ ದೂರ ಅಳೆಯಲು, ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ಕಂಡುಕೊಳ್ಳಲು ಆಧಾರವಾದದ್ದು ಈ ಬಗೆಯ ಸ್ಫೋಟಗಳೇ. ಆದರೂ ಸತ್ತವರ ಜೊತೆಗಿದ್ದವರು ಯಾರು ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಇಲ್ಲ.

ಇನ್ನೊಂದು ಲೆಕ್ಕವೂ ಕೂಡಿಬರುತ್ತಿಲ್ಲ. ಹಳೆಯ ಚಿತ್ರಗಳಲ್ಲಿ ಸಿಕ್ಕ ಕೆಂಪು ಮಹಾದೈತ್ಯಗಳ ತೂಕ ಸೂರ್ಯನ ಎಂಟರಿಂದ ಹದಿನೇಳರಷ್ಟರ ಒಳಗೇ ನಿಲ್ಲುತ್ತದೆ ಎಂದು ಖಗೋಳ ವಿಜ್ಞಾನಿ ಸ್ಟೀಫನ್ ಸ್ಮಾರ್ಟ್ ಮತ್ತು ಅವರ ಸಂಗಡಿಗರು 2009ರಲ್ಲಿ ತೋರಿಸಿದರು. ಇಪ್ಪತ್ತು, ಇಪ್ಪತ್ತೈದರಷ್ಟು ತೂಕದವು ಆಕಾಶದಲ್ಲಿ ಬದುಕಿರುವುದು ಕಾಣುತ್ತದೆ. ಸಾಯುವುದು ಮಾತ್ರ ಕಾಣುತ್ತಿಲ್ಲ. ಧೂಳಿನಿಂದಾಗಿ ನಾವು ತೂಕವನ್ನು ಕಡಿಮೆ ಎಣಿಸುತ್ತಿದ್ದೇವೆ ಎನ್ನುವವರಿದ್ದಾರೆ. ಅವು ಸದ್ದಿಲ್ಲದೆ, ಸ್ಫೋಟವೇ ಇಲ್ಲದೆ, ಕಪ್ಪುಕುಳಿಯೊಳಗೆ ಕುಸಿದುಹೋಗುತ್ತವೆ ಎನ್ನುವವರೂ ಇದ್ದಾರೆ. ಎನ್‌ಜಿಸಿ 6946 ಎಂಬ ಗೆಲಾಕ್ಸಿಯಲ್ಲಿ ಇಪ್ಪತ್ತೈದು ಸೂರ್ಯರಷ್ಟು ತೂಕದ ನಕ್ಷತ್ರವೊಂದು 2009ರಲ್ಲಿ ಸ್ವಲ್ಪ ಹೊಳೆದು, ಆಮೇಲೆ ಮರೆಯಾಯಿತು. ಸ್ಫೋಟವಿಲ್ಲದ ಸಾವು ಸಿಕ್ಕಿತು ಎಂದುಕೊಂಡರು. ಜೇಮ್ಸ್ ವೆಬ್ ದೂರದರ್ಶಕ ಅತಿಗೆಂಪಿನಲ್ಲಿ ನೋಡಿದಾಗ ಅಲ್ಲಿ ಇನ್ನೂ ಏನೋ ಮಿನುಗುತ್ತಿದೆ. ಎರಡು ನಕ್ಷತ್ರಗಳು ಕೂಡಿಕೊಂಡು ಧೂಳಿನಲ್ಲಿ ಮುಚ್ಚಿಹೋಗಿರಲೂಬಹುದು.

ಮನೆ ಬಿಟ್ಟು ಹೋದ ಮಗನ ಫೋಟೊ ದೊಡ್ಡದು ಮಾಡಿಸಲು ಒಬ್ಬ ತಾಯಿ ಸ್ಟುಡಿಯೊಗೆ ಎರಡು ಮೂರು ಸಲ ಬಂದದ್ದು ನನಗೆ ನೆನಪಿದೆ. ಪತ್ರಿಕೆಗೆ ಕೊಡಲು ಒಂದು, ಗೋಡೆಗೆ ಒಂದು. ಗೋಡೆಯ ಫೋಟೊಗೆ ಕಟ್ಟು ಹಾಕಿಸುವಾಗ ಮೇಲೆ ಹಾರಕ್ಕೆ ಮೊಳೆ ಬೇಡ ಎಂದು ಆಕೆ ಒತ್ತಿ ಹೇಳಿದ್ದರು.

ಹಿಂದಿನದನ್ನು ಮತ್ತೆ ನೋಡುವುದಕ್ಕೆ ಆಕಾಶದಲ್ಲಿ ಇನ್ನೊಂದು ದಾರಿ ಇದೆ. ಅದು ನೆಗೆಟಿವ್ ಇಲ್ಲದೆಯೂ ನಡೆಯುತ್ತದೆ. 1572ರಲ್ಲಿ ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಟೈಕೊ ಬ್ರಾಹೆ ಕಂಡು ಬರೆದಿಟ್ಟ ಸೂಪರ್‌ನೋವಾದ ಬೆಳಕು ಎಲ್ಲ ದಿಕ್ಕಿಗೂ ಹರಡಿತ್ತು. ಅದರ ಒಂದು ಪಾಲು ದೂರದ ಧೂಳಿನ ಮೋಡಕ್ಕೆ ಬಡಿದು ತಿರುಗಿ, ಸುತ್ತುಬಳಸಿನ ದಾರಿಯಲ್ಲಿ, 2008ರಲ್ಲಿ ನಮಗೆ ತಲುಪಿತು. ಬೆಟ್ಟಕ್ಕೆ ಬಡಿದ ಕೂಗು ತಡವಾಗಿ ಮರಳಿದಂತೆ. 436 ವರ್ಷ ತಡವಾಗಿ ಬಂದ ಅದೇ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದಂತೆ ಬಿಡಿಸಿ ನೋಡಿ, ಸತ್ತದ್ದು ಒಂದು ಶ್ವೇತಕುಬ್ಜ ಎಂದು ನಿರ್ಧರಿಸಿದರು. ಟೈಕೊ ಬರಿಗಣ್ಣಿನಲ್ಲಿ ನೋಡಿದ ಬೆಳಕು, ಅವರಿಗೆ ಇರದಿದ್ದ ಉಪಕರಣದಲ್ಲಿ. ಇದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಅಜ್ಜಿಯ ಬಾಯಲ್ಲಿ ಒಂದು ಗಾದೆ ಇತ್ತು: ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ. ಜೂನ್ ಕೊನೆಯ ಆರಿದ್ರಾ ಮಳೆ ಕೈಕೊಟ್ಟರೆ ವರ್ಷವೇ ಕೈಕೊಟ್ಟಂತೆ. ಆ ಮಳೆಗೆ ಹೆಸರು ಕೊಟ್ಟ ಆರ್ದ್ರಾ ನಕ್ಷತ್ರ ಮಹಾವ್ಯಾಧ ಎಂಬ ನಕ್ಷತ್ರಪುಂಜದ (ಓರಿಯನ್) ಹೆಗಲಿನ ಕೆಂಪು ಚುಕ್ಕೆ. ಸೂರ್ಯನ ಜಾಗದಲ್ಲಿ ತಂದಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗಿ ಆಚೆಗೆ ಚಾಚುವಷ್ಟು ದೊಡ್ಡ ಕೆಂಪು ಮಹಾದೈತ್ಯ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಅದು ಯಾರೂ ಕಂಡಿರದಷ್ಟು ಮಂಕಾಯಿತು. ಸಾಯಲು ಹೊರಟಿದೆ ಎಂದು ಸುದ್ದಿಯಾಯಿತು. ಅದು ತನ್ನ ಮೈಯಿಂದ ಉಗುಳಿದ ಅನಿಲ ತಣಿದು ಧೂಳಾಗಿ ಮುಖಕ್ಕೆ ಅಡ್ಡ ಬಂದಿತ್ತು ಎಂದು ಆಮೇಲೆ ತಿಳಿಯಿತು. ಮುಂದಿನ ಒಂದು ಲಕ್ಷ ವರ್ಷದೊಳಗೆ ಅದು ಸ್ಫೋಟಿಸುತ್ತದೆ, ಯಾವತ್ತು ಎಂದು ಹೇಳಲಾಗದು.

ಆ ಚಳಿಗಾಲದಿಂದ ನಾನು ಪ್ರತಿ ಜನವರಿಯಲ್ಲಿ ನಮ್ಮ ಮನೆಯ ತಾರಸಿಯ ಮೇಲೆ ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸಿ ಮಹಾವ್ಯಾಧನ ಫೋಟೊ ತೆಗೆಯುತ್ತೇನೆ. ಜಗತ್ತಿನ ದೊಡ್ಡ ದೂರದರ್ಶಕಗಳೆಲ್ಲ ಅದನ್ನು ತೆಗೆದಿವೆ, ಚಿಲಿಯ ರೂಬಿನ್ ವೀಕ್ಷಣಾಲಯ ಇಡೀ ದಕ್ಷಿಣದ ಆಕಾಶವನ್ನು ಕೆಲವು ರಾತ್ರಿಗಳಿಗೊಮ್ಮೆ ಹತ್ತು ವರ್ಷ ತೆಗೆಯಲು ಹೊರಟಿದೆ. ನನ್ನ ಚಿತ್ರ ಯಾರಿಗೂ ಬೇಕಾಗಲಾರದು. ಆದರೂ ತೆಗೆಯಬೇಕು ಎನ್ನಿಸುತ್ತದೆ, ಬದುಕಿರುವಾಗ ಸುಮ್ಮನೆ ಒಂದು.

ಕಳೆದ ಜನವರಿಯಲ್ಲಿ ಅದರ ಪ್ರಿಂಟ್ ತಂದು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಕೆಂಪು ಚುಕ್ಕೆಯನ್ನು ಹುಡುಕಿದರು. ಆಮೇಲೆ ಎದ್ದು ಕಪಾಟಿನಿಂದ ಸ್ಟುಡಿಯೊದ ಕೊನೆಯ ರಿಜಿಸ್ಟರ್ ತೆಗೆದರು. 2006ರಲ್ಲಿ ಅಂಗಡಿ ಮುಚ್ಚಿದಾಗ ಅರ್ಧ ಪುಸ್ತಕ ಖಾಲಿ ಉಳಿದಿತ್ತು. ನಡುಗುವ ಕೈಯಲ್ಲಿ ಹಳೆಯ ನಂಬರಿನ ಮುಂದಿನ ನಂಬರು ಬರೆದರು. ದಿನಾಂಕ. ಹೆಸರು: ಆರಿದ್ರಾ. ಪ್ರತಿ: ಒಂದು. 'ಊರು' ಎಂಬ ಕಲಮಿನ ಮುಂದೆ ಸ್ವಲ್ಪ ಯೋಚಿಸಿ, ನನ್ನನ್ನು ಕೇಳಿ, 'ಮಹಾವ್ಯಾಧ' ಎಂದು ಬರೆದರು. ಕೊನೆಯಲ್ಲಿ ಫೋಟೊ ತೆಗೆದುಕೊಂಡು ಹೋದವರ ಸಹಿಗೆ ಇರುವ ಕಲಮನ್ನು ಖಾಲಿ ಬಿಟ್ಟು, ಶಾಯಿ ಒಣಗುವವರೆಗೆ ಕಾದು, ಪುಸ್ತಕ ಮುಚ್ಚಿದರು.